ಪಟ್ಟಿಯೋ, ಚುಕ್ಕಿಯೋ

ಇವತ್ತ ಸೀರಿ ಒಗ್ಯಾಕ ಕುಂತಾಗ ಮೊಣಕಾಲಿನ ಹಂತ್ಯಾಕ ಕೆಮ್ಮಣ್ಣಿನ ಕಲಿ ಕಂಡ್ತು. ಅರವತ್ತು ದಾಟಿದಾಕಿ ನೆಲದಾಗ ಹೊಳ್ಳಾಡಿ ಬಂದಾಳಂತ ನೀವು ನಗಬಹುದು. ನಗ್ರಿ, ಹೊಳ್ಳಾಡೇ ಬಂದೇನಿ.

ನಮ್ಮ ಮನಿಯವ್ರಿಗೆ ಹುಳದ ಹುಚ್ಚು. ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಾಗ ಇದ್ದಾಗ, ಬೇವು ಹೂ ಬಿಟ್ಟತಂದ್ರ ಸಾಕು, ರಜಾ ದಿನ ಕುರುಚಲ ಅಡವಿಗೆ ಹೋಗಿ ಹೊಟ್ಟಿ ನೆಲಕ್ಕ ಹಚ್ಚಿ ಡಬ್ಬ ಮಲಗೋರು. ನೆಲದಾಗ ತೂತು ಕೊರದು ಗೂಡು ಮಾಡೋ ಕಾಡಜೇನು ನೋಡಾಕ. ಒಮ್ಮೆ ದನ ಕಾಯೋರು, ಸಾಹೇಬ್ರು ಕುಡದು ಬಿದ್ದಾರಂತ ಮನಿಗೆ ಸುದ್ದಿ ಮುಟ್ಟಿಸಿದ್ರು. ಓಣ್ಯಾಗ ಮಾರಿ ಎತ್ತದಂಗಾತು ನನಗ.

ಉಣ್ಣಾಕ ಕುಂತ್ರೂ ಅದೇ ಮಾತು. ಮೈಮ್ಯಾಲ ನೀಲಿ ಪಟ್ಟಿ, ಹಿಂಗಾಲಿಗೆ ಹಳದಿ ಪುಡಿ ಇದ್ರ ಆಕಿ ಮನಿ ಒಡತಿ. ನೀಲಿ ಚುಕ್ಕಿ ಇದ್ದು ಕಾಲು ಬರಿದಿದ್ರ ಆಕಿ ಕಳ್ಳಿ, ಒಡತಿ ಇಲ್ಲದಾಗ ಒಳಗ ಹೊಕ್ಕು ತನ್ನ ತತ್ತಿ ಇಟ್ಟು ಬರತಾಳ. ಒಮ್ಮೆ ಬಾ, ತೋರಸ್ತೀನಿ ಅಂತ ಪ್ರತಿ ವರ್ಷ ಕರಿಯೋರು. ಮುಂದಿನ ಸಲ ನೋಡೂಣು ಅಂತ ನಾ ರೊಟ್ಟಿ ಬಡೀತಿದ್ದೆ. ಆಮ್ಯಾಲ ಸಕ್ಕರಿ ಬ್ಯಾನಿ ಅವರ ಕಣ್ಣು ತಿಂತು.

ಈಗ ಸುರಪುರದಾಗ ಇದ್ದೇವಿ. ಈ ಸಲ ಬೇವಿನ ಹೂವಿನ ವಾಸನಿ ಕಿಡಕ್ಯಾಗಿಂದ ಬಂದಾಗಿಂದ ಅವರಿಗೆ ಒಂದೇ ಧ್ಯಾಸ, ಗುಡ್ಡದ ಬುಡದಾಗ ಹುಳ ಬಂದಾವೇನು ಅಂತ. ನಿನ್ನಿ ಕೈ ಹಿಡಕೊಂಡು ಕರಕೊಂಡು ಹೋದೆ. ಅವರನ್ನ ಕಲ್ಲಿನ ಮ್ಯಾಲ ಕುಂದ್ರಿಸಿ, ಆಚೀಚಿ ಯಾರಿಲ್ಲಂತ ನೋಡಿ, ನಾ ಡಬ್ಬ ಮಲಗಿದೆ. ಭಾಳ ಹೊತ್ತಿಗೆ ತೂತಿನ ಬಾಯಾಗ ಒಂದು ಹುಳ ಬಂದು ಕುಂತಿತು.

"ಪಟ್ಟಿಯೋ, ಚುಕ್ಕಿಯೋ?" ಅಂದ್ರು.

"ಪಟ್ಟಿ ರೀ. ಕಾಲಿಗೆ ಪುಡಿನೂ ಅದ."

"ನೀಲಿ ಹ್ಯಾಂಗದ, ಹೇಳು."

ಹ್ಯಾಂಗ ಹೇಳಬೇಕ್ರಿ? ಅಷ್ಟು ಚಂದದ ಬಣ್ಣ ನಾ ಹುಳದ ಮೈಮ್ಯಾಲ ಕಂಡಿದ್ದಿಲ್ಲ. "ಹಬ್ಬಕ್ಕೊಮ್ಮೆ ಉಡತಿದ್ದೆನಲ್ಲ, ನನ್ನ ಇಳಕಲ್ ಸೀರಿ, ಥೇಟ ಅದರ ನೀಲಿ" ಅಂದೆ.

ಅವರು ಮೆಲ್ಲಕ ಕೇಳಿದ್ರು, "ಯಾವ ಸೀರಿ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬಂತು. ನಾ ಅವರ ಹುಳ ನೋಡಿದ್ದಿಲ್ಲ, ಅವರು ನನ್ನ ಸೀರಿ ನೋಡಿದ್ದಿಲ್ಲ, ಇಷ್ಟು ವರ್ಷ ಒಂದೇ ಮನ್ಯಾಗ ಉಂಡ್ವಿ. ಈಗ ಅವರಿಗೆ ಕಣ್ಣಿಲ್ಲ. ತೋರಸೋಣಂದ್ರ ಆ ಸೀರಿನೂ ಇಲ್ಲ, ಅದನ್ನ ಪಾತ್ರಿ ಮಾರಾಕಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಂಡು ಯಾವ ಕಾಲಾತೋ.

ಈ ಸೀರಿಗೆ ಸಾಬೂನು ಹಚ್ಚಲಿಲ್ಲ, ಮಣ್ಣು ಜಾಡಿಸಿ ಗೂಟಕ್ಕ ಹಾಕಿದೆ. ನಾಳಿ ಮತ್ತ ಮಲಗೋದದ. ಚುಕ್ಕಿಯಾಕಿ ಇನ್ನಾ ಬಂದಿಲ್ಲ, ಅವರು ಕೇಳಾಕತ್ತಾರ.