ಸೋಮವಾರದ ಕೈ

“ಅಮ್ಮಾ, ಸಿದ್ದಮಲ್ಲಪ್ಪ ತಾತನ ಕೈ ಸೋಮವಾರ ಮಾತ್ರ ಯಾಕೆ ಕುಣಿಯಲ್ಲ?”

ನಾಲ್ಕೂವರೆ ವರ್ಷದ ಕುಳ್ಳಿ ಇದನ್ನು ಕೇಳಿದಾಗ ಪವಿತ್ರ ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದರಲ್ಲಿ ಮಗಳ ಚಪ್ಪಲಿ ಹಿಡಿದು ಮನೆ ಕಡೆ ಹೊರಟಿದ್ದಳು. ಮಗಳ ಹೆಸರು ಅಂಗನವಾಡಿ ಪುಸ್ತಕದಲ್ಲಿ ಬೇರೆ ಏನೋ ಇದೆ. ಮುತ್ತಜ್ಜಿ ಕುಳ್ಳಮ್ಮನ ನೆನಪಿಗೆ ಬೀದಿಯವರೆಲ್ಲ ಕುಳ್ಳಿ ಎಂದೇ ಕರೆಯುತ್ತಾರೆ.

“ದಿನಾ ಕುಣೀತದೆ ಕಣೇ. ನೀನು ಸರಿಯಾಗಿ ನೋಡಿಲ್ಲ.”

“ನಾನು ತಾತನ ಮುಂದೇನೇ ಕೂತ್ಕೊಳ್ಳೋದು. ನೀನು ಹಿತ್ತಿಲಲ್ಲಿ ಅಜ್ಜಿ ಜೊತೆ ಮಾತಾಡ್ತಿರ್ತೀಯ.”

ಮಾತು ನಿಜವಾಗಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ತಾಯಿ ಮಗಳು ಎರಡು ಮನೆಯಾಚೆ ಸಿದ್ದಮಲ್ಲಪ್ಪನವರ ಮನೆಗೆ ಹಾಲಿಗೆ ಹೋಗುತ್ತಾರೆ. ಪವಿತ್ರ ಎಮ್ಮೆ ಕೊಟ್ಟಿಗೆಯ ಹತ್ತಿರ ಅವರ ಹೆಂಡತಿ ಪುಟ್ಟಮಲ್ಲಮ್ಮನ ಜೊತೆ ನಿಲ್ಲುತ್ತಾಳೆ. ಕುಳ್ಳಿ ನಡುಮನೆಗೆ ನುಗ್ಗಿ, ಪೂಜೆಗೆ ಕೂತ ಸಿದ್ದಮಲ್ಲಪ್ಪನವರ ಎದುರು ಚಕ್ಕಳಮಕ್ಕಳ ಹಾಕುತ್ತಾಳೆ. ಪೂಜೆ ಮುಗಿದ ಮೇಲೆ ಸಿಗುವ ಕಲ್ಲುಸಕ್ಕರೆ ಅವಳ ಪಾಲು.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬೇಸಾಯ ಮಾಡಿದವರಿಗೆ ಸಿದ್ದಮಲ್ಲಪ್ಪನವರ ಹೆಸರು ಗೊತ್ತು. ಸೊಪ್ಪನ್ನು ಹದ ಮಾಡುವ ಬ್ಯಾರನ್ ಎಂಬ ಎತ್ತರದ ಕಟ್ಟಡದ ಬಾಗಿಲಿಗೆ ಎಡ ಅಂಗೈ ಇಟ್ಟು, ಒಳಗಿನ ಶಾಖ ಎಷ್ಟಿದೆ ಎಂದು ಹೇಳುತ್ತಿದ್ದವರು ಅವರು. ಅವರು ಹೇಳಿದ ಮೇಲೆ ಥರ್ಮಾಮೀಟರ್ ನೋಡುವುದು ಅವರನ್ನು ಅವಮಾನ ಮಾಡಿದ ಹಾಗೆ ಎಂದು ಜನ ಅಂದುಕೊಂಡಿದ್ದರು. ಎಂಟನೇ ವಯಸ್ಸಿಗೆ ಲಿಂಗದೀಕ್ಷೆಯಾಗಿತ್ತು. ಅಂದಿನಿಂದ ಅರವತ್ತು ವರ್ಷ, ಬ್ಯಾರನ್ನಿಗೆ ಬೆಂಕಿ ಹಾಕುವ ತಿಂಗಳಲ್ಲೂ, ಮಗಳ ಮದುವೆಯ ಬೆಳಿಗ್ಗೆಯೂ, ಕೊರಳಿನ ಲಿಂಗವನ್ನು ಅದೇ ಎಡ ಅಂಗೈಯಲ್ಲಿಟ್ಟು ವಿಭೂತಿ, ಪತ್ರೆ ಏರಿಸಿ ಕಣ್ಣು ನೆಟ್ಟು ಕೂರುವುದು ತಪ್ಪಿರಲಿಲ್ಲ.

ಮೂರು ವರ್ಷದ ಹಿಂದೆ ಆ ಕೈಗೇ ನಡುಕ ಬಂತು. ಮೊದಲು ಹೆಬ್ಬೆರಳು, ಆಮೇಲೆ ಅಂಗೈ ಪೂರ್ತಿ. ಮೈಸೂರಿನ ಡಾಕ್ಟರು ಪಾರ್ಕಿನ್ಸನ್ ಎಂದು ಹೇಳಿ, ದಿನಕ್ಕೆ ಮೂರು ಸಲ ಮಾತ್ರೆ ಬರೆದುಕೊಟ್ಟರು. ಈ ಸಂಕ್ರಾಂತಿಯ ಮಾರನೆಯ ದಿನ ಪೂಜೆಯ ನಡುವೆ ಲಿಂಗ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ನೆಲ ಮುಟ್ಟಲಿಲ್ಲ, ಬಲಗೈ ಅಡ್ಡ ಬಂತು. ಅವರು ಯಾರಿಗೂ ಬೈಯಲಿಲ್ಲ, ಅಳಲಿಲ್ಲ. ಜಗಲಿಗೆ ಬಂದು ಕೂತು ಹೆಂಡತಿಗೆ ಹೇಳಿದರು:

“ಶಿವರಾತ್ರಿ ತಂಕ ನೋಡ್ತೀನಿ. ಆಮೇಲೆ ತಟ್ಟೇಲಿಟ್ಟು ಪೂಜೆ ಮಾಡ್ತೀನಿ. ನೆಲಕ್ಕೆ ಬೀಳ್ಸಿ ಪಾಪ ಕಟ್ಕೊಳೋಕಿಂತ ಅದೇ ವಾಸಿ.”

ತಟ್ಟೆಯಲ್ಲಿಟ್ಟು ಪೂಜೆ ಮಾಡುವವರು ಎಷ್ಟೋ ಜನ. ಆದರೆ ಅವರು ಆ ಮಾತು ಹೇಳಿದ ದಿನ ಮಧ್ಯಾಹ್ನ ಊಟ ಮಾಡಲಿಲ್ಲ ಎಂದು ಪುಟ್ಟಮಲ್ಲಮ್ಮ ಹಾಲು ಅಳೆಯುತ್ತಾ ಪವಿತ್ರಳಿಗೆ ಹೇಳಿದ್ದರು.

ಹಾಗಾಗಿ ಮಗಳ ಪ್ರಶ್ನೆಯನ್ನು ಪವಿತ್ರ ಅಲ್ಲಿಗೇ ಬಿಡಲಿಲ್ಲ. ಮುಂದಿನ ಸೋಮವಾರ ತಾನೂ ನಡುಮನೆಯ ಬಾಗಿಲಲ್ಲಿ ನಿಂತಳು. ಅಂಗೈ ನಿಂತ ನೀರಿನ ಹಾಗಿತ್ತು. ಮಂಗಳವಾರ ಪತ್ರೆ ಒಂದೊಂದೇ ಉದುರಿತು.

“ಅಲ್ಲ ದೊಡ್ಡಪ್ಪ, ಸೋಮವಾರ ಮಾತ್ರ ನಿಮ್ಮ ಕೈ ಸುಮ್ನಿರ್ತದಲ್ಲ?”

“ಈಗ ಕಂಡ್ತಾ ನಿಂಗೆ?” ಎಂದು ಅವರು ನಕ್ಕರು. “ಸೋಮವಾರ ಶಿವ ಕೈ ಹಿಡ್ಕತಾನೆ ಕಣವ್ವ. ಮಿಕ್ಕ ದಿನ ಅವನ್ಗೂ ಬ್ಯಾರೆ ಮನೆ ಇರ್ತವೆ.”

ಪವಿತ್ರಳಿಗೆ ಆ ನಗು ಇಷ್ಟವಾಯಿತು, ಆದರೆ ಉತ್ತರ ಸಾಲಲಿಲ್ಲ. ಮದುವೆಗೆ ಮುಂಚೆ ಅವಳು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಎರಡು ವರ್ಷ ಕೆಲಸ ಮಾಡಿದ್ದಳು. ಮೆದುಳಿನ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಕೆಲವು ರಸಗಳನ್ನು ಬಿಡುತ್ತದೆ. ಆ ಕಡೆಯ ಕೋಶದ ಮೇಲೆ ಆ ರಸ ಬಂದು ಕೂರಲೆಂದೇ ಜಾಗ ಇರುತ್ತದೆ, ಬೋಲ್ಟಿಗೆ ಅದರದೇ ನಟ್ಟು ಇದ್ದ ಹಾಗೆ. ಡೋಪಮಿನ್ ಎಂಬ ರಸ ತನ್ನ ಜಾಗದಲ್ಲಿ ಕೂತಾಗ ಕೋಶದೊಳಗೆ ಏನೇನಾಗುತ್ತದೆ ಎಂದು ಗಂಟೆಗೊಮ್ಮೆ ಗಾಜಿನ ತಟ್ಟೆಗಳನ್ನು ನೋಡಿ ಬರೆಯುವುದು ಅವಳ ಕೆಲಸವಾಗಿತ್ತು. ಆ ರಸ ಕಡಿಮೆಯಾದವರಿಗೆ ಬರುವುದೇ ಪಾರ್ಕಿನ್ಸನ್. ಎರಡು ವರ್ಷದಲ್ಲಿ ಸಾವಿರಾರು ತಟ್ಟೆ ನೋಡಿದ್ದಳು. ಯಾವ ತಟ್ಟೆಗೂ ಕೈ ಇರಲಿಲ್ಲ, ಕೈಯಲ್ಲಿ ಲಿಂಗವೂ ಇರಲಿಲ್ಲ.

ಬರೆದಿಡುವ ಅಭ್ಯಾಸ ಮಾತ್ರ ಉಳಿದಿತ್ತು. ಅವಳ ಡೈರಿಯಲ್ಲಿ ಪುಟದ ಎಡಕ್ಕೆ ಮಗಳದು: ಏನು ತಿಂದಳು, ಜ್ವರ ಬಂತಾ, ಯಾವ ಮಾತು ಹೊಸದು. ಈಗ ಬಲಕ್ಕೆ ಒಂದು ಗೆರೆ ಎಳೆದು ತಾತನ ಕೈ ಬರೆಯಲು ಶುರು ಮಾಡಿದಳು. ಕುಳ್ಳಿಯೇ ವರದಿಗಾರ್ತಿ. “ಇವತ್ತು ಜಾಸ್ತಿ ಕುಣೀತು.” “ಇವತ್ತು ಸ್ವಲ್ಪ.” ಸೋಮವಾರ: “ಏನೂ ಇಲ್ಲ.”

ಕಾರಣ ಏನಿರಬಹುದು? ಭಾನುವಾರ ಚೆನ್ನಾಗಿ ನಿದ್ದೆ ಬರುತ್ತದೇನೋ ಎಂದು ಕೇಳಿದಳು. ಎಲ್ಲ ದಿನವೂ ಅಷ್ಟೇ ಎಂದರು. ಸೋಮವಾರದ ಸ್ನಾನ ತಣ್ಣೀರಿನದಾ? ಅಲ್ಲ. ಇರಲಿ, ಮನಸ್ಸಿನ ಭಕ್ತಿಯೇ ಕೈ ನಿಲ್ಲಿಸುತ್ತಿದೆ ಎಂದೂ ಒಂದು ದಿನ ಬರೆದಳು. ಅದೂ ಸುಳ್ಳಲ್ಲ, ಮನಸ್ಸು ಕಳವಳಗೊಂಡರೆ ನಡುಕ ಹೆಚ್ಚುತ್ತದೆ ಎಂದು ಓದಿದ್ದಳು. ಗಂಡ ನಟರಾಜು ಇಣುಕಿ ನೋಡಿ, “ನಂಗೆ ಕೆಮ್ಮು ಬಂದು ವಾರ ಆಯ್ತು, ನನಗೊಂದು ಗೆರೆ ಎಳಿಯಮ್ಮ” ಎಂದು ಕಿಚಾಯಿಸಿದ.

ಮೂರನೇ ವಾರ ಗುರುವಾರ ಕುಳ್ಳಿ ಓಡಿ ಬಂದಳು. “ಅಮ್ಮಾ, ಇವತ್ತೂ ಕುಣೀಲಿಲ್ಲ.”

ಗುರುವಾರ. ಶಿವ ದಿನ ತಪ್ಪಿ ಬಂದನೇ? ಪವಿತ್ರ ಬಲಗಡೆ ಅದನ್ನು ಬರೆದಳು. ಆಮೇಲೆ ಎಡಗಡೆ ಮಗಳದನ್ನು ಬರೆಯುವಾಗ ಕೈ ನಿಂತಿತು. ‘ಇವತ್ತು ಹಾಲಿಲ್ಲ. ರಾಗಿ ಗಂಜಿ ಕುಡಿದಳು.’ ಆ ಬೆಳಿಗ್ಗೆ ಎಮ್ಮೆ ಒದ್ದು ಬಕೆಟ್ಟು ಉರುಳಿಸಿತ್ತು. ಪವಿತ್ರ ಖಾಲಿ ಚೊಂಬು ಹಿಡಿದು ಮನೆಗೆ ಬಂದಿದ್ದಳು.

ಎರಡು ಸಾಲನ್ನೂ ಮತ್ತೆ ಓದಿದಳು. ಡೈರಿ ಅಲ್ಲೇ ಇಟ್ಟು ಸೀದಾ ಪುಟ್ಟಮಲ್ಲಮ್ಮನ ಹಿತ್ತಿಲಿಗೆ ಹೋದಳು.

“ದೊಡ್ಡವ್ವ, ದೊಡ್ಡಪ್ಪ ಬೆಳಿಗ್ಗೆ ಮಾತ್ರೆ ಯಾವುದ್ರಲ್ಲಿ ತಗೋತಾರೆ?”

“ಇನ್ಯಾವುದ್ರಲ್ಲಿ, ಹಾಲಲ್ಲಿ. ಆರ್ ಗಂಟೆಗೆ ಕರೆದಿದ್ದು, ಆ ದೊಡ್ಡ ಲೋಟದ ತುಂಬ. ಖಾಲಿ ಹೊಟ್ಟೇಲಿ ಅಂಥ ಮಾತ್ರೆ ಬಿದ್ರೆ ಕರುಳು ಸುಟ್ಟೋಯ್ತದೆ.”

“ಡಾಕ್ಟ್ರು ಊಟಕ್ಕೆ ಮುಂಚೆ ಅಂದಿದ್ರಲ್ಲ?”

“ಹಾಲು ಊಟ ಆಯ್ತದಾ? ಪೂಜೆಗೆ ಮುಂಚೆ ಏನೂ ತಿನ್ನಂಗಿಲ್ಲ ನಮ್ಮಲ್ಲಿ, ಹಾಲಿಗೆ ಮಾತ್ರ ದೋಷ ಇಲ್ಲ. ಸೋಮವಾರ ಅದೂ ಇಲ್ಲ, ಕಟ್ಟುನಿಟ್ಟು. ಗುಟುಕು ನೀರಲ್ಲಿ ನುಂಗ್ತಾರೆ. ನಂಗೆ ಅವತ್ತೆಲ್ಲ ಹೊಟ್ಟೆ ಉರೀತದೆ ಕಣವ್ವ.” ಅವರು ಎಮ್ಮೆಯ ಬೆನ್ನು ಸವರಿದರು. “ಈ ರಂಡೆ ಇವತ್ತೂ ಹಂಗೇ ಮಾಡ್ತು. ಇವರಿಗೆ ಶಕ್ತಿ ಬರ್ಲಿ ಅಂತ್ಲೇ ಇದನ್ನ ತಂದಿದ್ದು, ನನ್ನ ಎರಡೆಳೆ ಸರ ಕೊಟ್ಟು.”



ಪವಿತ್ರ ಮನೆಗೆ ಬಂದು ಡಾಕ್ಟರ ಆಸ್ಪತ್ರೆಗೆ ಫೋನು ಮಾಡಿದಳು. ಮೂರನೇ ಸಲಕ್ಕೆ ಡಾಕ್ಟರೇ ಸಿಕ್ಕಿದರು. ಹಾಲು ಮಾತ್ರೆಗೆ ಅಡ್ಡ ಬರುತ್ತದಾ ಎಂದು ಕೇಳಿದಳು. ಹೌದು, ಹಾಗಾಗುತ್ತದೆ, ಎಲ್ಲರಿಗೂ ಒಂದೇ ರೀತಿ ಅಲ್ಲ, ಆದರೆ ಆಗುತ್ತದೆ ಎಂದರು. ಮಾತ್ರೆ ನೀರಲ್ಲಿ ತೆಗೆದುಕೊಳ್ಳಲಿ, ಹಾಲು ಒಂದೂವರೆ ಗಂಟೆ ಬಿಟ್ಟು ಕೊಡಿ, ಹೊಟ್ಟೆ ತೊಳಸಿದರೆ ನನಗೆ ತಿಳಿಸಿ, ಮಾತ್ರೆ ಹೆಚ್ಚು ಕಡಿಮೆ ಮಾತ್ರ ನೀವೇ ಮಾಡಬೇಡಿ.

ಆ ಸರದ ಮಾತು ಕೇಳಿದ ಮೇಲೆ ಪುಟ್ಟಮಲ್ಲಮ್ಮನಿಗೆ ಇದನ್ನು ಹೇಗೆ ಹೇಳುವುದು ಎಂದೇ ನಾಲ್ಕು ದಿನ ಕಳೆಯಿತು. ಮಂಗಳವಾರಕ್ಕೆ, ಶಿವರಾತ್ರಿಗೆ ಆರು ದಿನ ಇತ್ತು. ಪುಟ್ಟಮಲ್ಲಮ್ಮ ತಂಗಿಯ ಮೊಮ್ಮಗನ ನಾಮಕರಣಕ್ಕೆಂದು ಮಿರ್ಲೆಗೆ ಎರಡು ದಿನ ಹೊರಟರು. ಹೋಗುವಾಗ ಮಾತ್ರೆ, ಲೋಟ, ಹಾಲು ಎಲ್ಲ ಪವಿತ್ರಳಿಗೆ ಒಪ್ಪಿಸಿ, “ಮರೀಬ್ಯಾಡ” ಎಂದು ಮೂರು ಸಲ ಹೇಳಿದರು.

ಆ ಸಂಜೆ ಸಿದ್ದಮಲ್ಲಪ್ಪನವರು ಖಾಲಿ ಬ್ಯಾರನ್ನಿನ ನೆರಳಲ್ಲಿ ಕೂತಿದ್ದರು. ಪವಿತ್ರ ಡೈರಿ ಬಿಡಿಸಿ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಎರಡೂ ಕಡೆ ಬೆರಳಿಟ್ಟು ಓದಿದರು.

“ಹಾಲಿಗೂ ಕೈಗೂ ಏನವ್ವ ಸಂಬಂಧ?”

“ಮೆದುಳಲ್ಲಿ ಒಂದು ರಸ ಕಮ್ಮಿಯಾಗಿ ಕೈ ಕುಣಿಯೋದು ದೊಡ್ಡಪ್ಪ. ಮಾತ್ರೇಲಿ ಇರೋದು ಆ ರಸವೇ ಅಲ್ಲ. ಆ ರಸ ನೇರವಾಗಿ ಮೆದುಳಿನೊಳಕ್ಕೆ ಹೋಗಲ್ಲ. ಅದಕ್ಕೇ ರಸ ಆಗೋಕೆ ಮುಂಚಿನದನ್ನ ಕೊಡ್ತಾರೆ. ಒಳಗೆ ಹೋದ್ಮೇಲೆ ಅದು ರಸ ಆಗ್ತದೆ.”

“ಹಸಿ ಸೊಪ್ಪು ಒಳೀಕ್ ಹೋಗಿ ಹದ ಆದಂಗೆ.”

“ಹಂಗೇ ಅನ್ಕೊಳ್ಳಿ.”

ಅವರು ಬ್ಯಾರನ್ನಿನ ಕಡೆ ತಿರುಗಿ ನೋಡಿದರು. “ಬಾಗ್ಲು ಎಷ್ಟಗಲ ಅದೆ?”

ಪವಿತ್ರ ಬೆರಗಾದಳು. ಎರಡು ವರ್ಷ ಪ್ರಯೋಗಾಲಯದಲ್ಲಿದ್ದ ತಾನು ಈ ಪ್ರಶ್ನೆಗೆ ಬರಲು ಒಂದು ಎಮ್ಮೆ ಒದೆಯಬೇಕಾಯಿತು.

“ಕಿರಿದು ದೊಡ್ಡಪ್ಪ. ಕರುಳಲ್ಲೊಂದು, ಮೆದುಳಲ್ಲೊಂದು. ಹಾಲಿನ ಪ್ರೋಟೀನು ಜೀರ್ಣ ಆದ್ಮೇಲೆ ಅದೂ ಅದೇ ಬಾಗಿಲಲ್ಲೇ ಹೋಗ್ಬೇಕು.”

“ಗೊತ್ತಾಯ್ತು ಬುಡು. ಒಂದ್ಸಲ ನಮ್ಮಾಳೂ ಪಕ್ಕದ್ ಹೊಲದ ಮಾದೇಶನಾಳೂ ಒಂದೇ ಬಾಗ್ಲಲ್ಲಿ ನುಗ್ಗಿ, ಸೊಪ್ಪು ಕಟ್ಟಿದ ಕಡ್ಡಿ ಎಲ್ಲಾ ಹೊರಗೇ ಬಾಡೋದ್ವು.” ಆಮೇಲೆ ಎಡ ಅಂಗೈ ತಿರುವಿ ನೋಡಿಕೊಂಡರು. “ಎಡಗೈಗೇ ಯಾಕ್ ಬಂತು, ಬಲಗೈಗೆ ಯಾಕಿಲ್ಲ?”

“ಶುರುವಾಗೋವಾಗ ಒಂದೇ ಕಡೆ ಯಾಕೆ ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ. ಹುಡುಕ್ತಾ ಇದ್ದಾರೆ.”

“ಹುಡುಕ್ಲಿ. ನಂಗೆ ಗೊತ್ತಾಗದೇ ಇರೋದು ಡಾಕ್ಟ್ರುಗೂ ಗೊತ್ತಿಲ್ಲ ಅಂದ್ರೆ ಒಂಥರಾ ಸಮಾಧಾನ.”

ಬುಧವಾರ ಆರಕ್ಕೆ ಮಾತ್ರೆ, ಒಂದು ಲೋಟ ನೀರು. ಏಳಕ್ಕೆ ಕುಳ್ಳಿ ಎದುರು ಕೂತಳು, ಪವಿತ್ರ ಬಾಗಿಲಲ್ಲಿ ನಿಂತಳು. ಅವರು ಕೊರಳಿನ ಕರಡಿಗೆ ಬಿಚ್ಚಿ ಒಳಗಿನ ಲಿಂಗವನ್ನು ಅಂಗೈಗೆ ಇಳಿಸಿದರು. ಕಿರುಬೆರಳು ಒಮ್ಮೆ ಮಿಡಿದು ನಿಂತಿತು. ಪತ್ರೆ ಇಟ್ಟಲ್ಲೇ ಇತ್ತು. ಗುರುವಾರವೂ ಹಾಗೆಯೇ. ಪೂಜೆ ಮುಗಿಸಿ ಕಲ್ಲುಸಕ್ಕರೆ ಕೊಡುತ್ತಾ ಅವರು ಕುಳ್ಳಿಗೆ ಹೇಳಿದರು, “ನೋಡ್ದಾ, ಬುಧವಾರ ಗುರುವಾರಾನೂ ಬತ್ತಾನೆ ಶಿವ. ನಾವು ದಾರಿ ಬುಡ್ಬೇಕು ಅಷ್ಟೇ.”

ಶಿವರಾತ್ರಿಗೆ ತಟ್ಟೆ ಬೇಕಿಲ್ಲ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಆದರೂ ಸಂಜೆ, ಪುಟ್ಟಮಲ್ಲಮ್ಮ ಮಿರ್ಲೆಯಿಂದ ಬರುವ ಬಸ್ಸಿನ ಹೊತ್ತಿಗೆ, ಸಿದ್ದಮಲ್ಲಪ್ಪನವರು ಪವಿತ್ರಳ ಮನೆ ಜಗಲಿಗೆ ಬಂದು ಕೂತರು. ಸಂತೋಷದಿಂದ ಬಂದವರ ಹಾಗೆ ಕಾಣಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ರಸ್ತೆ ಕಡೆ ನೋಡುತ್ತಿದ್ದರು.

“ಆ ಪುಸ್ತಕ ಅವಳು ಓದ್ತಾಳಾ?”

“ದೊಡ್ಡವ್ವ ಕೇಳಿದ್ರೆ ತೋರಿಸ್ತೀನಿ ಅನ್ಕೊಂಡಿದ್ದೆ.”

“ತೋರಿಸ್ಬ್ಯಾಡ.” ಅವರು ತಗ್ಗಿದ ದನಿಯಲ್ಲಿ ಮುಂದುವರಿಸಿದರು. “ಎರಡೂವರೆ ವರ್ಷ ಆಯ್ತು ಕಣವ್ವ ಆ ಎಮ್ಮೆ ಬಂದು. ಮಂಡಿ ನೋವು ಅಂದ್ಕೊಂಡೇ ನಾಕೂವರೆಗೆ ಏಳ್ತಾಳೆ. ನೊರೆ ಆರೋಗ್ಬಾರ್ದು ಅಂತ ಸೆರಗಲ್ಲಿ ಮುಚ್ಕಂಡು ತತ್ತಾಳೆ. ಆ ಹಾಲೇ ಕೈಗೆ ಅಡ್ಡ ಬಂದಿತ್ತು ಅಂದ್ರೆ ಅವಳು ತಡ್ಕಳಲ್ಲ.”

ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅವರು ಎದ್ದು ನಿಂತರು.

“ನಂಗೊಂದು ಉಪ್ಕಾರ ಮಾಡು ಮಗ. ಡಾಕ್ಟ್ರು ಟೈಮ್ ಬದ್ಲಾಯಿಸವ್ರೆ, ಹಾಲು ಪೂಜೆ ಆದ್ಮೇಲೇ ಕುಡೀಬೇಕಂತೆ ಅಂತ ನೀನೇ ಹೇಳು, ನಾನು ಹೇಳಿದ್ರೆ ನಂಬಲ್ಲ. ಲೋಟ ಮಾತ್ರ ಚಿಕ್ಕದು ಮಾಡ್ಬ್ಯಾಡಿ, ಅದೇ ದೊಡ್ಡ ಲೋಟದ ತುಂಬ ಕೊಡ್ಬೇಕಂತೆ ಅಂತಾನೂ ಹೇಳು.”