ಮೇ ತಿಂಗಳ ನೀಲಿಕಲ್ಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಓದಲು ಬರುತ್ತಿದ್ದದ್ದು ಅಕ್ಕನಿಗೆ ಒಬ್ಬಳಿಗೇ. ಅಪ್ಪನಿಗೆ ಬರುತ್ತಿರಲಿಲ್ಲ, ಅವ್ವನಿಗೂ ಇಲ್ಲ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಮ್ಮೂರು ಅಂಕೋಲೆಯ ಹತ್ತಿರ, ಹೊಳೆ ಕಡಲಿಗೆ ಸೇರುವ ಜಾಗದಲ್ಲಿ. ಅಲ್ಲಿಯ ಬಂಡೆಗಳಿಗೆ ನೀಲಿಕಲ್ಲು ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತಿತ್ತು. ನೀಲಿಕಲ್ಲು ಅಂದರೆ ಕಲ್ಲಲ್ಲ ಮಕ್ಕಳೇ, ಚಿಪ್ಪು. ನೀವು ಮಸಲ್ಸ್ ಅನ್ನುತ್ತೀರಲ್ಲ, ಅದು. ಒಳಗಿನ ಮಾಂಸ ಅರಿಶಿನದ ಬಣ್ಣ. ಬೇಯಿಸಿದರೆ ಮನೆಯೆಲ್ಲ ಕಡಲಿನ ವಾಸನೆ.

ಮಳೆ ಹಿಡಿದರೆ ನಮ್ಮ ಕಡಲು ಬಂದ್. ದೋಣಿ ದಡಕ್ಕೆ, ಬಲೆ ಅಟ್ಟಕ್ಕೆ. ಅದಕ್ಕೇ ಮೇ ತಿಂಗಳ ಕೊನೆಗೆ, ಮೋಡ ಕಟ್ಟಲು ಶುರುವಾದ ಕೂಡಲೇ, ಹೆಂಗಸರೆಲ್ಲ ಇಳಿತದ ಹೊತ್ತು ನೋಡಿ ಬಂಡೆಗೆ ಹೋಗುತ್ತಿದ್ದರು. ಸಿಕ್ಕಷ್ಟು ಕಿತ್ತು ತರುವುದು, ಅವತ್ತು ಹೊಟ್ಟೆ ತುಂಬ ತಿನ್ನುವುದು, ಉಳಿದದ್ದನ್ನು ಬೇಯಿಸಿ ಒಣಗಿಸಿ ಮಳೆಗಾಲಕ್ಕೆ ಇಡುವುದು.

ಒಂದು ವರ್ಷ ಹೋಗಿ ನೋಡುತ್ತೇವೆ, ಬಂಡೆಯ ಪಕ್ಕ ಒಂದು ಬೋರ್ಡು ನೆಟ್ಟಿದೆ. ಅಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದಿದಳು: ಇಲ್ಲಿಯ ಚಿಪ್ಪು ವಿಷ, ತಿನ್ನಬಾರದು. ಹೆಂಗಸರು ಮುಖ ಮುಖ ನೋಡಿಕೊಂಡರು. ಅವ್ವ ಸೀರೆ ಎತ್ತಿ ಕಟ್ಟಿ, “ಬೋರ್ಡಿಗೆ ಹೊಟ್ಟೆ ಇಲ್ಲ, ನಮಗೆ ಉಂಟು” ಅಂದವಳೇ ನೀರಿಗೆ ಇಳಿದಳು. ತಂದೆವು, ತಿಂದೆವು, ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ, ಆ ಬಂಡೆ ಗುತ್ತಿಗೆ ಹಿಡಿದವನ ಆಳುಗಳು ಅದೇ ವಿಷದ ಚಿಪ್ಪನ್ನು ಚೀಲಗಟ್ಟಲೆ ತುಂಬಿ ಪೇಟೆಗೆ ಸಾಗಿಸುತ್ತಿದ್ದಾರೆ. ನಮ್ಮನ್ನು ದೂರ ಇಡಲು ಬರೆಸಿದ ಸುಳ್ಳು ಅದು. ಅಕ್ಕ ಅವತ್ತು ಒಂದು ಪಾಠ ಕಲಿತಳು. ಅವಳ ತಲೆಗೆ ಒಂದು ಸಲ ಹೊಕ್ಕಿದ್ದು ಮತ್ತೆ ಇಳಿಯುವುದಿಲ್ಲ.

ಈಗ ನಾನಿರುವುದು ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನಲ್ಲಿ, ಮಗಳ ಮನೆ. ಅಕ್ಕ ಸ್ಯಾನ್ ಡಿಯಾಗೋದಲ್ಲಿ, ಮಗನ ಮನೆ. ಕೊರೊನಾ ಬಂದು ಇಬ್ಬರೂ ಒಬ್ಬರ ಮುಖ ಒಬ್ಬರು ಫೋನಿನಲ್ಲಿ ಮಾತ್ರ ನೋಡಿದೆವು. ಅದೆಲ್ಲ ತಣ್ಣಗಾದ ಮೇಲೆ, ಮೇ ಕೊನೆಯ ರಜೆಗೆ ಮಗಳು ನನ್ನನ್ನೂ ಮೊಮ್ಮಗಳನ್ನೂ ಅಕ್ಕನ ಮನೆಗೆ ಬಿಟ್ಟು ಹೋದಳು. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಕ್ಕ ಅವಳಿಗೆ ದೊಡ್ಡಜ್ಜಿ.

ಸೋಮವಾರ ಬೆಳಿಗ್ಗೆ ಎದ್ದರೆ ಆಕಾಶದ ತುಂಬ ಮೋಡ. ಆ ಊರಿನಲ್ಲಿ ಮೇ ತಿಂಗಳೆಲ್ಲ ಬೆಳಗಿನ ಹೊತ್ತು ಹಾಗೆಯೇ, ಮೋಡ ಕವಿಯುತ್ತದೆ, ಒಂದು ಹನಿ ಬೀಳುವುದಿಲ್ಲ. ಅಕ್ಕ ಕಿಟಕಿಯಲ್ಲಿ ನಿಂತು, “ಏ ತಂಗಿ, ಮೋಡ ನೋಡು. ನಮ್ಮೂರ ಮೋಡವೇ. ನೀಲಿಕಲ್ಲಿಗೆ ಹೋಗುವ ದಿನ ಇದು, ಏಳು” ಅಂದಳು. ಮಗನನ್ನು ಎಬ್ಬಿಸಿ ಕಾರು ತೆಗೆಸಿದಳು. ಅವನಿಗೆ ಚಿಪ್ಪು ಆಗುವುದಿಲ್ಲ, ತಿಂದರೆ ಮೈಯೆಲ್ಲ ತುರಿಕೆ. ನಮ್ಮನ್ನು ಕಡಲ ದಂಡೆಗೆ ಇಳಿಸಿ ಅವನು ಕಾರಿನಲ್ಲೇ ನಿದ್ದೆ ಹೋದ.

ನೀರು ದೂರ ಇಳಿದಿತ್ತು. ಬಂಡೆ ತುಂಬ ಕಪ್ಪು ಚಿಪ್ಪು, ನಮ್ಮೂರಿನದಕ್ಕಿಂತ ಉದ್ದ. ಕೊಳೆತ ಪಾಚಿಯ ವಾಸನೆ. ನೀರಿಗೆ ಕಾಲಿಟ್ಟರೆ ಮೂಳೆಗೆ ಹತ್ತುವ ಚಳಿ. ಆಚೆ ಎಲ್ಲೋ ಕಡಲಸಿಂಹಗಳು ನಾಯಿಗಳ ಹಾಗೆ ಬೊಗಳುತ್ತಿದ್ದವು. ಮೆಟ್ಟಿಲ ಹತ್ತಿರ ಒಂದು ಬೋರ್ಡು ಇತ್ತು. ಮೊಮ್ಮಗಳು ಅದರ ಎದುರು ನಿಂತುಬಿಟ್ಟಳು.

“ದೊಡ್ಡಜ್ಜಿ, ಡೋಂಟ್ ಈಟ್ ಮಸಲ್ಸ್ ಅಂತಿದೆ. ಪಾಯ್ಸನ್!”

“ಮತ್ತೆ? ಬನ್ನಿ, ಪುಕ್ಕಟೆ ತಿನ್ನಿ ಅಂತ ಬರೀತಾನಾ?” ಅಕ್ಕ ಬಕೆಟ್ಟು ಇಳಿಸಿದಳು. “ಬೋರ್ಡು ಹಾಕುವವನೇ ತಿನ್ನುವವ. ನಾನು ನಿನ್ನಷ್ಟಿದ್ದಾಗಲೇ ಇಂಥದ್ದು ಓದಿದವಳು.”

“ಬಟ್ ದೊಡ್ಡಜ್ಜಿ...”

“ಬಟ್ಟು ಗಿಟ್ಟು ಬೇಡ. ದೊಡ್ಡವರು ಮಾಡುವಾಗ ನಡುವೆ ಬಾಯಿ ಹಾಕಬಾರ್ದು. ಬಕೆಟ್ ಹಿಡ್ಕೋ.”

ಮಗು ಬಕೆಟ್ಟು ಹಿಡಿಯಲಿಲ್ಲ. ಬೋರ್ಡಿನ ಹತ್ತಿರವೇ ಕೈಕಟ್ಟಿ ನಿಂತಿತು. ಅಕ್ಕ ಮಗನ ಸ್ಕ್ರೂ ಡ್ರೈವರಿನಿಂದ ಚಿಪ್ಪು ಎಬ್ಬಿಸಿದಳು. ಎಪ್ಪತ್ತು ದಾಟಿದವಳು ಪಾಚಿಯ ಮೇಲೆ ಹುಡುಗಿಯ ಹಾಗೆ ಓಡಾಡಿದಳು. ಇಲ್ಲಿಗೆ ಬಂದಾಗಿನಿಂದ ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಬಂದು ಚಿಪ್ಪಿಗೆ ಅಂಟಿದ ನಾರು ಕಿತ್ತು ತೊಳೆದೆವು. ಮಸಾಲೆ ಅರೆದು ಅಡುಗೆ ಮಾಡಿದವಳು ನಾನು. ಒಣಮೆಣಸು, ಕೊತ್ತಂಬರಿ, ಫ್ರೀಜರಿನ ತೆಂಗಿನತುರಿ. “ಕೊನೆಗೆ ಜುಮ್ಮನಕಾಯಿ ಜಜ್ಜಿ ಹಾಕು, ಮರೀಬೇಡ” ಎಂದು ಅಕ್ಕ ಹೊರಗಿನ ಕೋಣೆಯಿಂದ ಕೂಗಿದಳು. ಜುಮ್ಮನಕಾಯಿ ನಮ್ಮ ಕಡೆ ಮೀನಿಗೆ ಹಾಕುವ ಕಾಡಿನ ಕಾಯಿ. ಒಳ್ಳೆಯ ವಾಸನೆ, ಆದರೆ ತುಟಿ ನಾಲಿಗೆಯೆಲ್ಲ ಜುಂ ಅನ್ನಿಸುತ್ತದೆ. ಡಬ್ಬಿ ತೆಗೆದರೆ ಪೂರಾ ಹುಳ. ಕಸದ ಬುಟ್ಟಿಗೆ ಹಾಕಿದೆ. ಹೇಳಿದರೆ ಅಕ್ಕ ಬಂದು ಆ ಕಾಯಿ ಊರಿನಿಂದ ತಂದ ಕತೆ ಪೂರ್ತಿ ಹೇಳುತ್ತಾಳೆ, ಅಡುಗೆ ತಳ ಹಿಡಿಯುತ್ತದೆ. ಸುಮ್ಮನಿದ್ದೆ.

ಊಟಕ್ಕೆ ಕೂತಾಗ ನಾನು ಚಿಪ್ಪು ಬಡಿಸಿಕೊಳ್ಳಲಿಲ್ಲ. ನಮ್ಮಲ್ಲಿ ಸೋಮವಾರ ಮೀನು ಚಿಪ್ಪು ತಿನ್ನುವುದಿಲ್ಲ.

“ಮಾರಾಯ್ತಿ, ಇಲ್ಲಿ ಮಧ್ಯಾಹ್ನ ಅಂದರೆ ನಮ್ಮೂರಲ್ಲಿ ರಾತ್ರಿ ಹನ್ನೆರಡು ದಾಟಿ ಮಂಗಳವಾರ ಆಯ್ತು. ತಿನ್ನು” ಅಂದಳು ಅಕ್ಕ.

“ಅಲ್ಲಿ ಸೂರ್ಯ ಹುಟ್ಟಿದ್ನಾ? ಸೂರ್ಯ ಹುಟ್ಟದೆ ಎಂತಾ ಮಂಗಳವಾರ?”

“ನಿನ್ನ ಪಾಲು ನಂಗೇ ಉಳೀತು ಬಿಡು.”

ಎರಡು ಸಲ ಬಡಿಸಿಕೊಂಡಳು. ರಸವನ್ನು ಅನ್ನಕ್ಕೆ ಕಲಸಿ ಬಟ್ಟಲು ಒರೆಸಿ ತಿಂದಳು. ಆಮೇಲೆ ಸೋಫಾದಲ್ಲಿ ಕೂತು ತುಟಿ ಸವರಿಕೊಂಡು ನಕ್ಕಳು.

“ಜುಮ್ಮನಕಾಯಿ ಈ ಸಲ ಚಲೋ ಹತ್ತಿದೆ ತಂಗಿ. ತುಟಿಯೆಲ್ಲ ಜುಂ.”

ನನ್ನ ಕೈಯಲ್ಲಿ ತೊಳೆಯುವ ಪಾತ್ರೆ ಇತ್ತು. ಹಾಗೇ ಬಂದು ಅವಳೆದುರು ನಿಂತೆ.

“ಅಕ್ಕಾ, ನಾನು ಜುಮ್ಮನಕಾಯಿ ಹಾಕೇ ಇಲ್ಲ.”

“ಸುಳ್ಳು.”

“ದೇವರಾಣೆ ಹಾಕಿಲ್ಲ. ಹುಳ ಬಿದ್ದಿತ್ತು, ಎಸೆದೆ.”

ಅವಳು ನನ್ನನ್ನೇ ನೋಡಿದಳು. ಕೈ ಎತ್ತಿ ಬೆರಳು ಮಡಚಲು ನೋಡಿದಳು. “ಬೆರಳೂ ಜುಂ ಅಂತಿದೆ” ಅಂದಳು. ಅನ್ನ ಕಲಸಿದ ಬೆರಳಲ್ಲವೇ, ಖಾರ ಹತ್ತಿರಬಹುದು ಎಂದು ಒಂದು ಗಳಿಗೆ ನನ್ನ ಮನಸ್ಸು ನೆಪ ಹುಡುಕಿತು. ಅಷ್ಟರಲ್ಲಿ ಅವಳ ಮಾತು ತೊದಲಿತು. ನಾನು ಮೊಮ್ಮಗಳ ಭುಜ ಹಿಡಿದು ಅಲುಗಾಡಿಸಿದೆ.

“ನೀನು ತಿಂದ್ಯಾ? ಬಾಯಿ ಬಿಡು, ತಿಂದ್ಯಾ?”

“ನೋ ಅಜ್ಜಿ. ಐ ರೆಡ್ ದ ಸೈನ್.”

ಅಕ್ಕನ ಮಗ ಫೋನ್ ಮಾಡಿದ. ಆಂಬುಲೆನ್ಸ್ ಬರುವ ಹೊತ್ತಿಗೆ ಅಕ್ಕನಿಗೆ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಬಾಯಿಯ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು. ತಲೆ ಮಾತ್ರ ನೆಟ್ಟಗಿತ್ತು, ಎಲ್ಲ ತಿಳಿಯುತ್ತಿತ್ತು ಅವಳಿಗೆ. ಸ್ಟ್ರೆಚರ್ ಮೇಲೆ ಮಲಗಿಸುವಾಗ ನನ್ನ ಸೆರಗಿನ ಕಡೆ ಕೈ ಎಳೆದು, “ಅವ್ವನಿಗೆ ಎಂತದೂ ಆಗ್ಲಿಲ್ಲ ಅಲ್ದಾ?” ಅಂದಳು. ಮಾತು ಅರ್ಧ ನುಂಗಿಹೋಗಿತ್ತು. ನಾನು ಅಕ್ಕನ ಮಾತು ಎಪ್ಪತ್ತು ವರ್ಷ ಕೇಳಿದವಳು, ಅದಕ್ಕೇ ತಿಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಅಕ್ಕನ ಮಗ ನನಗೆ ಕನ್ನಡದಲ್ಲಿ ಹೇಳಿದ. ನನ್ನನ್ನು ಅವನು ಚಿಕ್ಕಿ ಅನ್ನುತ್ತಾನೆ. “ಚಿಕ್ಕಿ, ಇದಕ್ಕೆ ಮದ್ದು ಇಲ್ವಂತೆ. ವಿಷ ತಾನಾಗೇ ಮೈಯಿಂದ ಹೋಗ್ಬೇಕು. ಅಲ್ಲೀವರೆಗೆ ಉಸಿರು ನಿಂತುಹೋಗಬಹುದು, ಮಷೀನ್ ಹಾಕ್ತಾರೆ.” ಹೇಳಿ ಗೋಡೆಗೆ ಒರಗಿ ಕೂತ. ದೊಡ್ಡ ಎಂಜಿನಿಯರ್, ಶರ್ಟಿನ ತೋಳಿನಿಂದ ಮೂಗು ಒರೆಸಿಕೊಂಡ.

ಅವನೇ ಉಳಿದದ್ದನ್ನೂ ಹೇಳಿದ. ಬಿಸಿಲಿನ ತಿಂಗಳುಗಳಲ್ಲಿ ಈ ಕಡಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಟ್ಟುತ್ತವೆ. ಚಿಪ್ಪು ಅವನ್ನು ತಿಂದು ಅವುಗಳ ವಿಷ ಮೈಗೆ ಸೇರಿಸಿಕೊಳ್ಳುತ್ತದೆ. ಚಿಪ್ಪಿಗೆ ಏನೂ ಆಗುವುದಿಲ್ಲ, ತಿಂದವರಿಗೆ ಆಗುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ರುಚಿಯಲ್ಲಿ ಗೊತ್ತಾಗುವುದಿಲ್ಲ, ವಾಸನೆಯಲ್ಲೂ ಇಲ್ಲ. ಅದಕ್ಕೇ ಮೇ ತಿಂಗಳು ಬಂತೆಂದರೆ ಇಲ್ಲಿ ಕಿತ್ತು ತಿನ್ನಬಾರದು, ಚಳಿ ಬರುವವರೆಗೆ. ನಮ್ಮ ಕಡಲು ಬಂದ್ ಆಗುವುದು ಮಳೆಗೆ. ಇಲ್ಲಿಯದು ಒಳ್ಳೆ ಬಿಸಿಲಿಗೇ ಬಂದ್.

ಅಕ್ಕನ ಬಾಯಿಗೆ ಕೊಳವೆ ಹಾಕಿದರು. ಅವಳ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಅದು ಅವಳ ಉಸಿರಲ್ಲ, ಮಷೀನಿನದು. ನಾನು ದೇವರಿಗೆ ಹರಕೆ ಹೊರಲಿಲ್ಲ. ಕೂತು ಆ ಎದೆಯನ್ನೇ ನೋಡಿದೆ. ಮೊಮ್ಮಗಳು ನನ್ನ ಪಕ್ಕ ಕೂತು ಉಗುರು ಕಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ, “ಅಜ್ಜಿ, ಐ ಟೋಲ್ಡ್ ಹರ್ ಓನ್ಲಿ ಒನ್ಸ್” ಅಂದಳು. ಒಂದೇ ಸಲ ಹೇಳಿದೆ ಅಂತ. ಅದಕ್ಕೇ ಹೀಗಾಯಿತು ಎಂದು ಅವಳ ತಲೆಯಲ್ಲಿ. ಒಂಬತ್ತು ವರ್ಷದ ಮಗುವಿನ ತಲೆಯಲ್ಲಿ. “ಬಟ್ಟು ಗಿಟ್ಟು ಬೇಡ ಅಂದವಳು ಅವಳು, ನೀನಲ್ಲ” ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅಕ್ಕ ತಾನಾಗಿ ಉಸಿರು ತೆಗೆದಳು. ಕೊಳವೆ ತೆಗೆದರು. ಗಂಟಲು ಒಡೆದಿತ್ತು.

“ಆ ಸಾರಿನ ಪಾತ್ರೆ ಎಂತ ಮಾಡಿದೆ?”

“ಚೆಲ್ಲಿದೆ.”

“ಪೂರಾ?”

“ಪೂರಾ.”

ಗೋಡೆ ಕಡೆ ತಿರುಗಿ ಮಲಗಿದಳು. “ಹುಟ್ಟಿದಾಗಿಂದ ಕಡಲು ತಿಂದವಳು ನಾನು. ಇಲ್ಲಿ ನಂಗೆ ಎಂತದೂ ಗೊತ್ತಿಲ್ಲ, ಅಲ್ದಾ?” ಎಂದಳು.

“ಗೊತ್ತಿಲ್ಲ” ಎಂದೆ. ಸಾಯಲು ಹೋಗಿ ಬಂದವಳಿಗೆ ಸುಳ್ಳು ಹೇಳಿ ಏನು?

ಅಕ್ಕ ಈಗ ನಡೆಯುತ್ತಾಳೆ, ಉಣ್ಣುತ್ತಾಳೆ, ನನ್ನ ಜೊತೆ ಜಗಳವನ್ನೂ ಆಡುತ್ತಾಳೆ. ಕಡಲ ಕಡೆ ಹೋಗುವುದಿಲ್ಲ. ಮಗ ಕಾರು ಹತ್ತಿಸಿ ಕರೆದುಕೊಂಡು ಹೋದರೂ ಇಳಿಯುವುದಿಲ್ಲ. ಕಿಟಕಿ ಗಾಜು ಮೇಲೆ ಮಾಡಿಕೊಂಡು ಕೂತಿರುತ್ತಾಳೆ.

ನಾವು ಮಕ್ಕಳಾಗಿದ್ದಾಗ ಕಡಲಿನಲ್ಲಿ ದೊಡ್ಡವರ ಮಾತು ಮೀರಿದವನ ಹೆಣ ಮೂರನೇ ದಿನ ದಡಕ್ಕೆ ಬರುತ್ತಿತ್ತು. ಎಲ್ಲಿ ಇಳಿಯಬೇಕು, ಯಾವುದನ್ನು ಮುಟ್ಟಬಾರದು, ಎಲ್ಲ ಅವ್ವ ಅಪ್ಪನಿಗೆ ಗೊತ್ತಿತ್ತು. ನಾವು ಬಾಯಿ ಮುಚ್ಚಿಕೊಂಡು ಹಿಂದೆ ನಡೆದೆವು, ಬದುಕಿದೆವು. ನಿಮ್ಮದು ಹಾಗಲ್ಲ ಮಕ್ಕಳೇ. ಈ ಕಡಲು ನೀವು ಹುಟ್ಟಿದ ಕಡಲು, ನಾವು ಇಲ್ಲಿಗೆ ಮುದುಕಿಯರಾಗಿ ಬಂದವರು. ಇದರ ಬಗ್ಗೆ ನಿಮಗೆ ಹೇಳಿಕೊಡಲು ನನ್ನ ಹತ್ತಿರ ಏನೂ ಇಲ್ಲ. ಇಲ್ಲಿ ನೀವು ಮುಂದೆ ನಡೆಯಬೇಕು, ನಾವು ಹಿಂದೆ. ಅದು ನಮಗೆ ಸುಲಭಕ್ಕೆ ಒಗ್ಗುವುದಿಲ್ಲ. ನಡುವೆ ಬಾಯಿ ಹಾಕಬೇಡ ಅನ್ನುತ್ತೇವೆ. ಆದರೂ ಹೇಳಿ. ಕೇಳದಿದ್ದರೆ ಕಿರುಚಿ ಹೇಳಿ. ಅದಕ್ಕೂ ಕೇಳದಿದ್ದರೆ ನಮ್ಮ ಕೈಯಲ್ಲಿದ್ದದ್ದನ್ನು ಕಿತ್ತು ನೀರಿಗೆ ಎಸೆಯಿರಿ. ಬೈಯುತ್ತೇವೆ. ಬೈಸಿಕೊಳ್ಳಿ.