ಕೇಂದ್ರದವರು ಬಂದಿದ್ದರು

ಯಗಟಿಯ ನೆಂಟರ ಮನೆಗೆ ಹೋದವರು ಬರಿಗೈಯಲ್ಲಿ ವಾಪಸು ಬರುವ ಹಾಗಿಲ್ಲ. ಮೊನ್ನೆಯೂ ಹಾಗೇ ಆಯಿತು. ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಚೀಲದ ತುಂಬ ತೆಂಗಿನಕಾಯಿ ತುಂಬಿದರು. ಬಾಯಿ ಕಟ್ಟಲು ದಾರ ಹುಡುಕಿದರು, ಸಿಗಲಿಲ್ಲ. ನನ್ನ ಹಳೆಯ ವ್ಯಾನಿಟಿ ಬ್ಯಾಗಿನ ತಳಕ್ಕೆ ಕೈ ಹಾಕಿದೆ. ಆ ತಳದಲ್ಲಿ ಏನಿದೆ, ಏನಿಲ್ಲ ಎಂಬುದು ನನಗೇ ಗೊತ್ತಿಲ್ಲ. ಈ ಸಲ ಕೈಗೆ ಬಂದದ್ದು ಕೊರಳಿಗೆ ಹಾಕಿಕೊಳ್ಳುವ ಒಂದು ನೀಲಿ ಪಟ್ಟಿ. ಅದಕ್ಕೆ ತೂಗುತ್ತಿದ್ದ ಗುರುತಿನ ಚೀಟಿ ಎಂದೋ ಕಳೆದುಹೋಗಿದೆ. ಪಟ್ಟಿಯ ಉದ್ದಕ್ಕೂ ಬಿಳಿ ಅಕ್ಷರದಲ್ಲಿ ಕೇಂದ್ರ, ಕೇಂದ್ರ, ಕೇಂದ್ರ ಎಂದು ಅಚ್ಚಾಗಿರುವುದು ಮಾತ್ರ ಮಾಸಿಲ್ಲ. ಅದರಿಂದಲೇ ಚೀಲದ ಬಾಯಿ ಬಿಗಿದು, ಊರ ಮುಂದಿನ ಅರಳಿಕಟ್ಟೆಯ ಮೇಲೆ ಬೆಳಗಿನ ಬಸ್ಸಿಗೆ ಕಾಯುತ್ತಾ ಕೂತೆ. ಬಸ್ಸು ಬರಲು ಇನ್ನೂ ಹೊತ್ತಿತ್ತು. ನೀವೂ ಕೂತುಕೊಳ್ಳಿ, ಈ ಪಟ್ಟಿಯ ಕತೆ ಹೇಳುತ್ತೇನೆ.

ಎಂ.ಎ. ಮುಗಿಸಿದ ಮೇಲೆ ನಾನು ಒಂದು ವಿಶ್ವವಿದ್ಯಾಲಯದ 'ಜಾಗತಿಕ ಮಾಧ್ಯಮ ಮತ್ತು ಸಾರ್ವಜನಿಕ ನೀತಿ ಅಧ್ಯಯನ ಕೇಂದ್ರ'ದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದೆ. ಹೆಸರು ಕೇಳಿ ಬೆಚ್ಚಬೇಡಿ. ಇದ್ದದ್ದು ಎರಡು ಕೋಣೆ, ಮೂರು ಕಪಾಟು, ಯಾವಾಗಲೂ ಮಿಣಿಮಿಣಿ ಎನ್ನುವ ಒಂದು ಟ್ಯೂಬ್‌ಲೈಟು. ಕೊರಳಪಟ್ಟಿ ಮಾಡಿಸುವಾಗ ಅಷ್ಟು ಉದ್ದದ ಹೆಸರು ಹಿಡಿಸುವುದಿಲ್ಲ ಎಂದು ಪ್ರೆಸ್ಸಿನವನು ಕೊನೆಯ ಪದವೊಂದನ್ನೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೈಬಿಟ್ಟಿದ್ದ. ಅಜ್ಜಂಪುರದಲ್ಲಿದ್ದ ನಮ್ಮಮ್ಮನಿಗೂ ಆ ಹೆಸರು ಹಿಡಿಸುತ್ತಿರಲಿಲ್ಲ. ಮಗಳಿಗೆ ಏನು ಕೆಲಸ ಎಂದು ನೆಂಟರು ಕೇಳಿದರೆ, ಯೂನಿವರ್ಸಿಟಿಯಲ್ಲಿ ಟಿವಿ ನೋಡುವ ಕೆಲಸ, ಸಂಬಳ ಕೊಡುತ್ತಾರೆ ಎಂದುಬಿಡುತ್ತಿದ್ದಳು. ನೆಂಟರಿಗೆ ಹೊಟ್ಟೆಯುರಿ. ಅವರ ಮಕ್ಕಳು ಪುಕ್ಕಟೆಯಾಗಿ ನೋಡುತ್ತಿದ್ದರಲ್ಲ.

ನಮ್ಮ ನಿರ್ದೇಶಕರನ್ನು ಎಲ್ಲರೂ ಸರ್ ಎಂದೇ ಕರೆಯುತ್ತಿದ್ದೆವು. ಇಸ್ತ್ರಿ ಮಾಡಿದ ಅಂಗಿಯಂಥ ಕನ್ನಡ ಮಾತಾಡುವ ಮನುಷ್ಯ. ಹೊರದೇಶದ ಸುದ್ದಿ, ಸರ್ಕಾರದ ಯೋಜನೆಗಳ ಸುದ್ದಿ ಹಳ್ಳಿಗೆ ಹೇಗೆ ಮುಟ್ಟುತ್ತದೆ ಎಂಬುದು ಅವರ ಅಧ್ಯಯನ. ಅದಕ್ಕೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಊರುಗಳನ್ನು ಆರಿಸಿದ್ದರು. ನಾನು ಆ ಕಡೆಯವಳು, ಜನ ಬಾಯಿಬಿಟ್ಟು ಮಾತಾಡುತ್ತಾರೆ ಎಂಬ ನಂಬಿಕೆ ಅವರದು. ಪ್ರಶ್ನೆಗಳನ್ನು ಮಾತ್ರ ಅವರೇ ಬರೆದಿದ್ದರು. ಮೊದಲ ಪ್ರಶ್ನೆ: ತಾವು ಲೋಕದ ವಿದ್ಯಮಾನಗಳನ್ನು ಅರಿಯಲು ಯಾವ ಮಾಧ್ಯಮವನ್ನು ಅವಲಂಬಿಸಿದ್ದೀರಿ?

ದೇವನೂರಿನಲ್ಲಿ ಮೊದಲ ಮನೆಯ ಯಜಮಾನರು ಯೋಚನೆಯೇ ಮಾಡದೆ, ತಾವು ಕನ್ನಡ ಮಾಧ್ಯಮ, ಮೊಮ್ಮಗ ಇಂಗ್ಲಿಷ್ ಮಾಧ್ಯಮ ಎಂದರು. ಎರಡನೆಯ ಮನೆಯಲ್ಲಿ ಎಲ್ಲರೂ ಕನ್ನಡ ಮಾಧ್ಯಮ. ಮೂರನೆಯ ಮನೆಯಲ್ಲಿ, ಇಂಗ್ಲಿಷ್ ಮಾಧ್ಯಮದ ಫೀಸು ಕಟ್ಟಿ ಸಾಕಾಗಿದೆ, ನೀವಾದರೂ ಬರೆದುಕೊಳ್ಳಿ ಎಂದರು. ಸರ್ ಬರೆದುಕೊಂಡರು. ತರೀಕೆರೆಯಲ್ಲಿ ಒಬ್ಬ ನಿವೃತ್ತ ಮೇಷ್ಟರು 'ಸಾರ್ವಜನಿಕ ನೀತಿ' ಎಂಬುದನ್ನು ಕೇಳಿ ಬಹಳ ಸಂತೋಷಪಟ್ಟರು. ಸಾರ್ವಜನಿಕರಲ್ಲಿ ನೀತಿ ಪೂರಾ ಕೆಟ್ಟುಹೋಗಿದೆ, ಯಾರಾದರೂ ಅಧ್ಯಯನ ಮಾಡಲೇಬೇಕಿತ್ತು ಎಂದು ನಮಗೆ ಕಾಫಿ ಕೊಟ್ಟು, ಪಕ್ಕದ ಮನೆಯವರ ನಡತೆಯ ಬಗ್ಗೆ ಸವಿಸ್ತಾರವಾಗಿ ಹೇಳಿದರು. ಎಮ್ಮೆದೊಡ್ಡಿಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅಲ್ಲಿ ನಮ್ಮ ಕೊರಳಪಟ್ಟಿ ಓದಿದವರು, ತಾವು ಉಳುತ್ತಿರುವ ಸರ್ಕಾರಿ ಕಾವಲಿನ ಜಮೀನು ಅಳೆದು ಬಿಡಿಸಲು ಬಂದಿರಾ ಎಂದು ಕೇಳಿದರು. ಅಲ್ಲ ಎಂದು ಎಷ್ಟು ಹೇಳಿದರೂ ಜೀಪು ಹೊರಡುವ ತನಕ ಜೊತೆಯಲ್ಲೇ ನಿಂತಿದ್ದರು. 'ಕೇಂದ್ರ' ಎಂಬ ಪದದ ತೂಕ ನನಗೆ ಆಗಲೇ ಅರ್ಥವಾಗಬೇಕಿತ್ತು. ಆಗಲಿಲ್ಲ, ನಾನು ಟಿವಿ ನೋಡುವ ಕೆಲಸದವಳು.

ಹೀಗೆ ಯಗಟಿಗೆ ಬಂದೆವು. ಆಗಿನ್ನೂ ಇಲ್ಲಿ ನಮಗೆ ನೆಂಟರಿರಲಿಲ್ಲ. ಸಿದ್ದಮ್ಮನ ಪರಿಚಯವಾದದ್ದು ಇಲ್ಲೇ. ಕುರಿ ಸಾಕಿಕೊಂಡಿದ್ದ ಮನೆ, ಮಾತಿನಲ್ಲಿ ಯಾರಿಗೂ ಸೋಲದ ಹೆಂಗಸು. ಪ್ರಶ್ನೆ ಕೇಳುವುದು ನಮ್ಮ ಕೆಲಸವೆಂದು ನಾವು ತಿಳಿದಿದ್ದೆವು, ಆಕೆ ಹಾಗೆ ತಿಳಿದಿರಲಿಲ್ಲ. ಮಗಳು ಚಂದ್ರಿಕಾ ಕಡೂರಿನಲ್ಲಿ ಪಿಯುಸಿ ಓದುತ್ತಿದ್ದಳು. ಬೆಳಗಿನ ಏಳೂವರೆಯ ಖಾಸಗಿ ಬಸ್ಸು ಊರೊಳಗೆ ಬರುವುದನ್ನು ಬಿಟ್ಟು ದೂರದ ಕ್ರಾಸಿನಿಂದಲೇ ಹೊರಟುಹೋಗುತ್ತಿತ್ತು. ಹುಡುಗಿ ಮುಂದಿನ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಪರೀಕ್ಷೆ ಇಲ್ಲದ ಮೇಲೆ ಓದು ಯಾಕೆ ಎಂದು ಅಪ್ಪ ಹೇಳಿದ್ದ. ಚಂದ್ರಿಕಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಸಿದ್ದಮ್ಮ ನನ್ನ ಕೊರಳಪಟ್ಟಿಯನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ಓದಿದಳು. "ಕೇಂದ್ರದವ್ರೇ ಮನೆಗಂಟ ಬಂದಿದೀರ. ಬಸ್ಸಿಂದೊಂದು ಬರ್ಕಳಿ ಕಣವ್ವಾ."

ಸರ್ ಬರೆದುಕೊಂಡರು. ಅವರು ಯಾರು ಏನು ಹೇಳಿದರೂ ಬರೆದುಕೊಳ್ಳುವವರು. ಯಾರೋ ಮೊಬೈಲಿನಲ್ಲಿ ಒಂದು ಫೋಟೊ ತೆಗೆದರು.

ಆ ಸಂಜೆಯೇ ನನ್ನ ಫೋನಿಗೆ ಆ ಫೋಟೊ ಬಂತು. ಕಳಿಸಿದ್ದು ಯಗಟಿಯವರಲ್ಲ, ಅಜ್ಜಂಪುರದಿಂದ ನಮ್ಮಮ್ಮ. ಕೆಳಗೆ 'ಬಸ್ ಸಮಸ್ಯೆ: ಪರಿಶೀಲನೆಗೆ ಇಳಿದ ಕೇಂದ್ರದ ತಂಡ' ಎಂದಿತ್ತು. ಹಿಂದೆಯೇ ಅವಳ ಫೋನು: "ನೋಡ್ದೇನೇ? ದಿಲ್ಲಿಯಿಂದ ಬಂದಿದಾರಂತೆ. ಪಕ್ಕದಲ್ಲಿ ನಿಂತಿರೋ ಹುಡ್ಗಿ ಒಂಚೂರು ನಿನ್ ಥರಾನೇ ಇದಾಳೆ ಕಣೇ."

ನಾನೇ ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಆ ಹುಡುಗಿ ನಿನಗಿಂತ ಲಕ್ಷಣವಾಗಿದ್ದಾಳೆ ಎಂದಳು.

ಮುಂದಿನ ವಾರ ಉಳಿದ ಮನೆಗಳಿಗೆಂದು ಯಗಟಿಗೆ ಬಂದರೆ, ಬೆಳಗಿನ ಬಸ್ಸು ಊರೊಳಗೇ ಬರತೊಡಗಿತ್ತು. ಕೇಂದ್ರದವರು ಪರ್ಮಿಟ್ಟಿಗೇ ಕೈಹಾಕಿಯಾರು ಎಂದು ಮಾಲೀಕ ಹೆದರಿ ತಿರುಗಿಸಿದ್ದನಂತೆ. ಸಿದ್ದಮ್ಮ ತಂಬಿಗೆ ತುಂಬ ಮಜ್ಜಿಗೆ ತಂದಳು. ಮಗಳು ಈಗ ದಿನವೂ ಮೊದಲ ಪಾಠಕ್ಕೆ ಕೂರುತ್ತಾಳೆ, ಹಾಜರಿ ಸರಿಹೋಗುತ್ತದೆಂದು ಕಾಲೇಜಿನ ಮೇಷ್ಟರು ಹೇಳಿದ್ದಾರೆ ಎಂದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಸರ್ ಮುಖ ಮಾತ್ರ ಇಳಿದುಹೋಯಿತು. ಹಳ್ಳಿಗೆ ಸುದ್ದಿ ಹೇಗೆ ಮುಟ್ಟುತ್ತದೆ ಎಂದು ಅಧ್ಯಯನ ಮಾಡಲು ಹೊರಟವರೇ ಸುಳ್ಳು ಸುದ್ದಿಯಾಗಿ ಹರಡಿದ್ದೆವು.

ಜೀಪಿನ ಹತ್ತಿರ ನಾವಿಬ್ಬರೂ ಜಗಳವಾಡಿದೆವು. ಪರೀಕ್ಷೆ ಮುಗಿಯುವವರೆಗೆ ಸುಮ್ಮನಿರೋಣ ಎಂದು ನಾನು. ನಿಜವನ್ನು ಟೈಮ್‌ಟೇಬಲ್ ನೋಡಿ ಹೇಳುವುದಿಲ್ಲ ಎಂದು ಅವರು. ನನಗೆ ಸಿಟ್ಟು ಬಂತು. ಈಗಲೂ ನೆನೆದರೆ ಸ್ವಲ್ಪ ಬರುತ್ತದೆ. ಅವರು ಹೇಳುತ್ತಿದ್ದದ್ದು ಸರಿ ಎಂಬುದೇ ಆ ಸಿಟ್ಟಿಗೆ ಕಾರಣ.

ಕೊನೆಗೆ ಸರ್ ವಾಪಸು ಹೋಗಿ ಸಿದ್ದಮ್ಮನ ಜಗಲಿಯ ಮೇಲೆ ಕೂತರು. ತಮ್ಮ ಕೇಂದ್ರ ಬೇರೆ, ಸರ್ಕಾರದ ಕೇಂದ್ರ ಬೇರೆ ಎಂದು ವಿವರಿಸಿದರು. ತಮ್ಮ ಕೈಯಲ್ಲಿ ಯಾವ ಬಸ್ಸೂ ಇಲ್ಲ, ಇರುವ ಜೀಪೂ ಬಾಡಿಗೆಯದು ಎಂದರು. ಬಾಗಿಲ ಹಿಂದೆ, ಆಗಷ್ಟೇ ಕಾಲೇಜಿನಿಂದ ಬಂದಿದ್ದ ಚಂದ್ರಿಕಾಳ ಮುಖ ಕಪ್ಪಿಟ್ಟಿತು. ನಾನು ಆ ಕಡೆ ನೋಡಲಾರದೆ ಮಜ್ಜಿಗೆಯ ಲೋಟ ನೋಡುತ್ತಾ ಕೂತೆ.

ಸಿದ್ದಮ್ಮ ಮಜ್ಜಿಗೆಯ ತಂಬಿಗೆ ಪಕ್ಕಕ್ಕೆ ಸರಿಸಿಟ್ಟಳು. ಆಮೇಲೆ ಕೇಳಿದಳು: "ಬಸ್ಸಿನೋರ್ಗೂ ಇದನ್ನ ಹೇಳ್ತೀರಾ?"

ಹೇಳಲೇಬೇಕಮ್ಮ ಎಂದರು ಸರ್.

"ಹೇಳಿ. ನೀವು ಕೇಂದ್ರದವ್ರು ಅನ್ನೋದು ಸುಳ್ಳು, ಒಪ್ದೆ. ನಮ್ಗೆ ಬಸ್ ಬೇಕು ಅನ್ನೋದು ಸುಳ್ಳಲ್ವಲ್ಲ ಸೋಮಿ. ಹೇಳಾದಾದ್ರೆ ಎರ್ಡೂ ಸೇರ್ಸಿ ಹೇಳಿ."

ಸರ್ ಪೆನ್ನು ತೆಗೆದರು, ಏನನ್ನೂ ಬರೆಯದೆ ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು. ಅವರು ಬರೆದುಕೊಳ್ಳದೆ ಬಿಟ್ಟ ಮಾತು ನಾನು ಕಂಡಂತೆ ಅದೊಂದೇ.

ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾಲೀಕ ಸಿಕ್ಕಿದ. ಸರ್ ಎರಡನ್ನೂ ಹೇಳಿದರು. ಮೊದಲನೆಯದನ್ನು ಬೇಗ ಮುಗಿಸಿದರು. ಎರಡನೆಯದನ್ನು ಹೇಳುವಾಗ ಅವರ ಕನ್ನಡದ ಇಸ್ತ್ರಿಯೆಲ್ಲ ಮುದುಡಿತು, ಒಂದು ಹುಡುಗಿಯ ವರ್ಷ ಹಾಳಾಗುತ್ತದೆ ಕಣಪ್ಪಾ ಎಂದುಬಿಟ್ಟರು. ಅವರ ಬಾಯಲ್ಲಿ 'ಕಣಪ್ಪಾ' ಕೇಳಿದ್ದು ನಾನು ಅದೇ ಮೊದಲು.

ಮಾಲೀಕ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಸುಳ್ ಸುದ್ದಿ ನಂಬ್ಕೊಂಡು ಬಸ್ ತಿರುಗ್ಸ್ದ ಅಂತ ಈ ಸ್ಟ್ಯಾಂಡಲ್ಲಿ ಗೊತ್ತಾದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಂಗಿಲ್ಲ ಸಾರ್. ಬಸ್ ಹೆಂಗೂ ಹೋಯ್ತಾ ಅದೆ. ಹೋಗ್ಲಿ ಬಿಡಿ. ನೀವು ಮಾತ್ರ ಯಾರ್ಗೂ ಹೇಳ್ಬೇಡಿ."

ಸರ್ ಆ ಮಾತು ಕೊಡಲಿಲ್ಲ. ಸ್ಪಷ್ಟೀಕರಣವೊಂದನ್ನು ಸೊಗಸಾಗಿ ಬರೆದು, ಫೋಟೊ ಹರಿದಾಡಿದ್ದ ವಾಟ್ಸಾಪ್ ಗುಂಪಿಗೇ ಹಾಕಿಸಿದರು. ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು, ಇನ್ನೊಬ್ಬರು ಶುಭೋದಯ ಎಂದರು. ಅಮ್ಮನಿಗೆ ನಾನೇ ಕಳಿಸಿದೆ. ಇಷ್ಟುದ್ದ ಯಾರು ಓದುತ್ತಾರೆ ಎಂದಳು.

ಚಂದ್ರಿಕಾ ಪರೀಕ್ಷೆಗೆ ಕೂತಳು, ಪಾಸಾದಳು. ಈಗ ತರೀಕೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಅಂತೆ, ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನೆಂಟರು ಹೇಳಿದ್ದರು. ನಮ್ಮ ಕೇಂದ್ರದ ನಸೀಬು ಅಷ್ಟು ನೆಟ್ಟಗಿರಲಿಲ್ಲ. ಅನುದಾನ ನಿಂತಿತು, ಸರ್ ನಿವೃತ್ತರಾದರು, ಎರಡು ಕೋಣೆಗಳನ್ನು ಇನ್ನಾವುದೋ ವಿಭಾಗ ತೆಗೆದುಕೊಂಡಿತು. ಬೋರ್ಡು ಇಳಿಸಿದ ದಿನ ನಾನು ಅಲ್ಲೇ ಇದ್ದೆ. ಅಷ್ಟು ದೊಡ್ಡ ಹೆಸರು ಹೊತ್ತು ನಾವು ಮಾಡಿದ್ದೇನು ಎಂದು ಮನಸ್ಸಿಗೆ ಪಿಚ್ಚೆನಿಸಿತ್ತು. ನಮ್ಮ ವರದಿಯನ್ನು ಯಾರಾದರೂ ಓದಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅರಳಿಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಮೆಲುಕು ಹಾಕುತ್ತಿರುವಾಗಲೇ ಒಬ್ಬಳು ಕಾಲೇಜು ಹುಡುಗಿ ಓಡುತ್ತಾ ಬಂದಳು. ಜಡೆ ಅರ್ಧ ಹೆಣೆದಿತ್ತು, ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡಿದ್ದಳು. ಅದನ್ನು ಕೈಗೆ ತೆಗೆದುಕೊಂಡು ಏದುಸಿರು ಬಿಡುತ್ತಾ ಕೇಳಿದಳು: "ಅಕ್ಕಾ, ಕೇಂದ್ರ ಹೋಯ್ತಾ?"

ನಾನು ದಂಗಾದೆ. ಚೀಲಕ್ಕೆ ಕಟ್ಟಿದ್ದ ಪಟ್ಟಿ ಓದಿ ಕೇಳುತ್ತಿದ್ದಾಳೆಂದುಕೊಂಡೆ. ಹೋಯ್ತಮ್ಮ, ಹೋಗಿ ಎಷ್ಟೋ ವರ್ಷವಾಯ್ತು ಎಂಬ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಅವಳು ನನ್ನ ಚೀಲದ ಕಡೆ ನೋಡುತ್ತಲೇ ಇರಲಿಲ್ಲ, ರಸ್ತೆಯ ತಿರುವಿನ ಕಡೆ ನೋಡುತ್ತಿದ್ದಳು. ಯಾವ ಕೇಂದ್ರ ಕಣಮ್ಮಾ ಎಂದೆ.

"ಏಳೂವರೆ ಬಸ್ಸು ಅಕ್ಕಾ. ಅದನ್ನ ಕೇಂದ್ರ ಅಂತಾನೇ ಅನ್ನೋದು. ಯಾಕೋ ಗೊತ್ತಿಲ್ಲ, ಮೊದ್ಲಿಂದ್ಲೂ ಹಂಗೇ."

ಹಿಂದೆಯೇ ಇನ್ನೂ ಮೂರ್ನಾಲ್ಕು ಹುಡುಗಿಯರು ಪುಸ್ತಕ ಅವುಚಿಕೊಂಡು ಬಂದು ನಿಂತರು. ತಿರುವಿನಲ್ಲಿ ಹಾರನ್ ಕೇಳಿಸಿತು. ನಾನು ಕಣ್ಣೊರೆಸಿಕೊಂಡು ತೆಂಗಿನಕಾಯಿ ಚೀಲ ಎತ್ತಿಕೊಂಡೆ.

"ಇಲ್ಲ ಕಣಮ್ಮಾ, ಹೋಗಿಲ್ಲ," ಎಂದೆ. "ಬಂತು ನೋಡು."